ಕತ್ತು ತಿರುಚಿ ಸತ್ತ ಕೋಳಿ, ಮರಿಯಾಗದ ಮೊಟ್ಟೆ, ತೊಗಲು ಮೊಟ್ಟೆ: ಹಿತ್ತಲ ಕೋಳಿ ಸಾಕುವವರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮ್ಮದು ಚನ್ನರಾಯಪಟ್ಟಣದ ಹತ್ತಿರದ ಹಳ್ಳಿ. ಹಿತ್ತಲಲ್ಲಿ 18 ಕೋಳಿ ಇದ್ದವು. ನಾಟಿ ಜಾಸ್ತಿ, ನಾಲ್ಕು ಗಿರಿರಾಜ ತಳಿಯವು. ಯುಗಾದಿ ಆದಮೇಲೆ ಒಂದೇ ವಾರದಲ್ಲಿ 11 ಸತ್ತವು. ಮೊದಲು ಹಸಿರು ಬೇಧಿ, ಆಮೇಲೆ ಕತ್ತು ತಿರುಚಿಕೊಂಡು ಒದ್ದಾಡಿ ಹೋದವು. ಅಂಗಡಿಯವರು ಕೊಟ್ಟ ಪುಡಿ ನೀರಿಗೆ ಹಾಕಿದರೂ ಪ್ರಯೋಜನ ಆಗಲಿಲ್ಲ. ಉಳಿದದ್ದರಲ್ಲಿ ಒಂದರ ಕತ್ತು ಇನ್ನೂ ಸೊಟ್ಟ. ಈಗ ಗಟ್ಟಿ ಚಿಪ್ಪಿಲ್ಲದ ತೊಗಲು ಮೊಟ್ಟೆ ಬೇರೆ ಬರುತ್ತಿವೆ. ಇದಕ್ಕೆ ಮುಂಚೆ 14 ಮೊಟ್ಟೆ ಕಾವಿಗೆ ಇಟ್ಟಿದ್ದೆ, ಐದೇ ಮರಿ ಆದವು. ಐದು ಮೊಟ್ಟೆ ಬರೀ ನೀರು, ನಾಲ್ಕರಲ್ಲಿ ಮರಿ ಪೂರ್ತಿ ಬೆಳೆದು ಒಳಗೇ ಸತ್ತಿತ್ತು. ಮೂರು ವಾರದಿಂದ ಅಡುಗೆಮನೆ ಡಬ್ಬಿಯಲ್ಲಿ ಕೂಡಿಟ್ಟ ಮೊಟ್ಟೆಗಳು ಅವು. ಹುಂಜ ಇರುವುದು ಒಂದೇ, ಅದೂ ಈ ಹೇಂಟೆಗಳ ಜೊತೆಯದೇ ಮರಿ. ಗಿರಿರಾಜ ಕಾವಿಗೆ ಕೂರುವುದೇ ಇಲ್ಲ. ಅದರ ಮೊಟ್ಟೆಯನ್ನು ನಾಟಿ ಹೇಂಟೆ ಕೆಳಗೆ ಇಟ್ಟರೆ ಗಿರಿರಾಜ ಮರಿಯೇ ಬರುತ್ತದಾ? ಏನು ಮಾಡಲಿ ಹೇಳಿ.

ಉತ್ತರ: ನೀವು ನಾಲ್ಕು ತೊಂದರೆ ಬರೆದಿದ್ದೀರಿ, ಆದರೆ ಅದರಲ್ಲಿ ಮೂರು ಒಂದೇ ಕಾಯಿಲೆಯವು ಅಂತ ನನಗೆ ಅನ್ನಿಸುತ್ತದೆ. ಸತ್ತ ಕೋಳಿಗಳು, ಸೊಟ್ಟ ಕತ್ತು, ಈಗ ಬರುತ್ತಿರುವ ತೊಗಲು ಮೊಟ್ಟೆ, ಈ ಮೂರೂ ಕೊಕ್ಕರೆ ರೋಗದ ಕಡೆಗೆ ಕೈ ತೋರಿಸುತ್ತವೆ. ಇದನ್ನೇ ರಾಣಿಖೇತ್ ಅಂತಲೂ ಕರೆಯುತ್ತಾರೆ. ಕಾವಿನ ಸಮಸ್ಯೆ ಬೇರೆಯದು, ಅದಕ್ಕೆ ಆಮೇಲೆ ಬರುತ್ತೇನೆ.

ಕೊಕ್ಕರೆ ರೋಗ ವೈರಸ್ಸಿನಿಂದ ಬರುವಂಥದ್ದು. ಬಿಳಿ-ಹಸಿರು ಬೇಧಿ, ಬಾಯಿ ತೆರೆದು ಗೊರಗೊರ ಉಸಿರು, ರೆಕ್ಕೆ ಜೋತು ಬೀಳುವುದು, ಕಾಲು ಸ್ವಾಧೀನ ತಪ್ಪುವುದು, ಕತ್ತು ತಿರುಚಿ ತಲೆ ಬೆನ್ನ ಮೇಲೆ ಹೋಗುವುದು. ಎಲ್ಲ ಲಕ್ಷಣ ಎಲ್ಲ ಕೋಳಿಯಲ್ಲೂ ಕಾಣುವುದಿಲ್ಲ. ಕೆಲವು ರಾತ್ರಿ ಚೆನ್ನಾಗಿದ್ದು ಬೆಳಿಗ್ಗೆ ಗೂಡಿನಲ್ಲಿ ಸತ್ತು ಬಿದ್ದಿರುತ್ತವೆ. ಇದಕ್ಕೆ ಔಷಧಿ ಇಲ್ಲ. ಅಂಗಡಿಯವರು ಕೊಟ್ಟ ಪುಡಿ ಆ್ಯಂಟಿಬಯೋಟಿಕ್ ಇರಬೇಕು. ಅದು ಬ್ಯಾಕ್ಟೀರಿಯಾಕ್ಕೆ ಮಾತ್ರ ಕೆಲಸ ಮಾಡುತ್ತದೆ, ವೈರಸ್ಸಿಗೆ ಅಲ್ಲ. ಬೆಳ್ಳುಳ್ಳಿ, ಅರಿಶಿನ, ಈರುಳ್ಳಿ ಅರೆದು ಕುಡಿಸಿ ಗುಣ ಆಯಿತು ಅಂತ ಹೇಳುವವರು ಸಿಗುತ್ತಾರೆ, ಆದರೆ ಆ ಕೋಳಿಗಳು ಅದನ್ನು ಕುಡಿಸದಿದ್ದರೂ ಬದುಕುತ್ತಿದ್ದವು ಅಷ್ಟೇ.

ಯುಗಾದಿ ಆದಮೇಲೆ ಅಂದಿರಲ್ಲ, ಅದರಲ್ಲಿ ಆಶ್ಚರ್ಯ ಇಲ್ಲ. ಹೊಸತೊಡಕಿಗೆ ಅಂತ ಸಂತೆಯಲ್ಲಿ ಕೋಳಿ ಓಡಾಟ ಜಾಸ್ತಿ ಆಗುತ್ತದೆ. ಹತ್ತು ಊರಿನ ಕೋಳಿ ಒಂದೇ ಕಡೆ ಸೇರುತ್ತವೆ, ಮಾರಾಟ ಆಗದೆ ಉಳಿದದ್ದು ಅದೇ ಪಂಜರದಲ್ಲಿ ವಾಪಸ್ ಮನೆಗೆ ಬರುತ್ತದೆ, ಜೊತೆಗೆ ಬಿಸಿಲಿನ ಸುಸ್ತು ಬೇರೆ. ರೋಗ ಮೈಯೊಳಗೆ ಸೇರಿದ ಮೇಲೆ ಹೊರಗೆ ಕಾಣುವುದಕ್ಕೆ ಸಾಮಾನ್ಯವಾಗಿ ಐದಾರು ದಿನ ಬೇಕು, ಕೆಲವೊಮ್ಮೆ ಎರಡು ವಾರ. ಹಾಗಾಗಿ ಹಬ್ಬಕ್ಕೆ ತಂದ ಕೋಳಿ ಆ ದಿನ ಕಣ್ಣಿಗೆ ಗಟ್ಟಿಮುಟ್ಟಾಗಿಯೇ ಕಂಡಿರುತ್ತದೆ. ನೀವು ತರದಿದ್ದರೂ ಪಕ್ಕದ ಮನೆಯವರು ತಂದಿದ್ದರೆ ಸಾಕು. ಕೋಳಿಗೆ ಬೇಲಿ ಗೊತ್ತಾಗುತ್ತದಾ? ಒಬ್ಬರ ತಿಪ್ಪೆಯಲ್ಲಿ ಕೆದರಿ ಇನ್ನೊಬ್ಬರ ಹಿತ್ತಲಿಗೆ ಬರುತ್ತದೆ.

ಒಂದು ಎಚ್ಚರಿಕೆ. ಕೋಳಿ ದಿಢೀರನೆ ಸಾಲಾಗಿ ಸತ್ತರೆ ಅದು ಕೊಕ್ಕರೆ ರೋಗವೋ ಹಕ್ಕಿಜ್ವರವೋ ಅಂತ ಕಣ್ಣಲ್ಲಿ ನೋಡಿ ಹೇಳಲು ನನ್ನ ಕೈಲೂ ಆಗುವುದಿಲ್ಲ, ಯಾರ ಕೈಲೂ ಆಗುವುದಿಲ್ಲ. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಕಡೆ ಹಕ್ಕಿಜ್ವರ ಕಾಣಿಸಿಕೊಂಡಿತ್ತು, ನೆನಪಿರಬಹುದು. ಹಕ್ಕಿಜ್ವರದ ಅನುಮಾನ ಇದ್ದರೆ ಮಾದರಿಯನ್ನು ಭೋಪಾಲದ ಲ್ಯಾಬಿಗೆ ಕಳಿಸಿಯೇ ಖಚಿತ ಮಾಡುವುದು. ಹಾಗಾಗಿ ಮುಂದೆ ಯಾವಾಗಲಾದರೂ ಒಂದೆರಡು ದಿನದಲ್ಲಿ ಮೂರು ನಾಲ್ಕು ಸತ್ತರೆ ಅಂಗಡಿಗೆ ಹೋಗುವ ಮೊದಲು ಪಶು ಆಸ್ಪತ್ರೆಗೆ ತಿಳಿಸಿ, ಅಥವಾ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಸತ್ತ ಕೋಳಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಸಾಯುವ ಮೊದಲು ಕುಯ್ದು ಸಾರು ಮಾಡಿಬಿಡೋಣ ಅನ್ನುವ ಲೆಕ್ಕಾಚಾರವನ್ನಂತೂ ಬಿಟ್ಟುಬಿಡಿ. ಹೂಳುವುದಾದರೆ ಮೂರು ನಾಲ್ಕು ಅಡಿ ಗುಂಡಿ, ಮೇಲೆ ಸುಣ್ಣ. ಕಾಲುವೆಗೋ ರಸ್ತೆ ಬದಿಗೋ ಎಸೆದರೆ ನಾಯಿಗಳು ಎಳೆದಾಡಿ ಇಡೀ ಊರಿಗೆ ಹಂಚುತ್ತವೆ.

ಈಗ ಉಳಿದ ಏಳಕ್ಕೆ ಏನು ಮಾಡಬೇಕು? ಗೂಡು ಖಾಲಿ ಮಾಡಿ, ಹಳೆ ಹೊಟ್ಟು, ಹಿಕ್ಕೆ ಎಲ್ಲ ತೆಗೆದು ಸುಡಿ ಅಥವಾ ಹೂಳಿ. ಗೋಡೆಗೆ, ಕೂರುವ ಗಳುವಿಗೆ ಸುಣ್ಣ ಬಳಿದು ಕೆಲವು ದಿನ ಚೆನ್ನಾಗಿ ಬಿಸಿಲು ಬೀಳಲಿ. ಬದುಕಿದ ಕೋಳಿ ಸ್ವಲ್ಪ ದಿನ ಹಿಕ್ಕೆಯಲ್ಲಿ ವೈರಸ್ ಹೊರಹಾಕುತ್ತಿರುತ್ತದೆ, ಹಾಗಾಗಿ ಸದ್ಯಕ್ಕೆ ಹೊಸ ಮರಿ ತರಬೇಡಿ. ಕೊನೆಯ ಕೋಳಿ ಸತ್ತ ದಿನದಿಂದ ಲೆಕ್ಕ ಹಾಕಿ ಒಂದೂವರೆ ಎರಡು ತಿಂಗಳಾದರೂ ಬಿಡಿ. ಕತ್ತು ಸೊಟ್ಟ ಆದದ್ದು ನರಕ್ಕೆ ಪೆಟ್ಟು ಬಿದ್ದದ್ದರಿಂದ. ಕೆಲವು ಸರಿಹೋಗುತ್ತವೆ, ಕೆಲವು ಜೀವನಪೂರ್ತಿ ಹಾಗೇ ಇರುತ್ತವೆ. ಅದು ಬೇರೆ ಕೋಳಿಗಳ ಜೊತೆ ಪೈಪೋಟಿ ಮಾಡಿ ತಿನ್ನಲಾರದು, ನೆಲದ ಮೇಲಿನ ಕಾಳಿಗೆ ಗುರಿಯಿಟ್ಟು ಕುಕ್ಕಲೂ ಆಗುವುದಿಲ್ಲ. ಬೇರೆ ಮಾಡಿ, ಆಳ ಇರುವ ಬಟ್ಟಲಲ್ಲಿ ನೆನೆಸಿದ ನುಚ್ಚು, ಮುದ್ದೆ ಕಲಸಿ ಇಡಿ. ತಿಂದು ಕುಡಿದುಕೊಂಡು ಇದ್ದರೆ ಇರಲಿ, ಇಲ್ಲದಿದ್ದರೆ ಅದನ್ನು ನರಳಿಸುವುದರಲ್ಲಿ ಅರ್ಥ ಇಲ್ಲ.

ಇನ್ನು ಲಸಿಕೆ. ಹಿತ್ತಲ ಕೋಳಿ ಸಾಕುವವರು ಬೇರೇನೂ ಖರ್ಚು ಮಾಡದಿದ್ದರೂ ಇದೊಂದಕ್ಕೆ ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮರಿಗೆ 5ರಿಂದ 7 ದಿನ ಆದಾಗ ಎಫ್1 ಅಥವಾ ಲಸೋಟ ಲಸಿಕೆ, ಕಣ್ಣಿಗೋ ಮೂಗಿಗೋ ಒಂದೇ ಒಂದು ಹನಿ. ನಾಲ್ಕು ವಾರಕ್ಕೆ ಮತ್ತೆ ಲಸೋಟ. ಎಂಟು ವಾರಕ್ಕೆ ಆರ್2ಬಿ, ಅದು ಇಂಜೆಕ್ಷನ್. ಆರ್2ಬಿ ಸ್ವಲ್ಪ ಜೋರಾದ ಲಸಿಕೆ, ಚಿಕ್ಕ ಮರಿಗೆ ಕೊಟ್ಟರೆ ಲಸಿಕೆಯಿಂದಲೇ ಕಾಯಿಲೆ ಬೀಳುತ್ತದೆ. ಅದಕ್ಕೇ ಮೊದಲೆರಡು ಹನಿ ತಪ್ಪಿಸಿ ನೇರ ಇದಕ್ಕೆ ಹೋಗಬಾರದು. ಆರ್2ಬಿ ಕೊಡುವ ವಾರ ಹತ್ತು ದಿನ ಮುಂಚೆ ಜಂತುಹುಳದ ಔಷಧಿ ಕೊಡಿ. ಹೊಟ್ಟೆ ತುಂಬ ಹುಳ ಇರುವ ಕೋಳಿಗೆ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ. ದೊಡ್ಡ ಕೋಳಿಗಳಿಗೆ ಆಮೇಲೆ ಆರು ತಿಂಗಳಿಗೊಮ್ಮೆ ಮರು ಲಸಿಕೆ, ಅದರಲ್ಲಿ ಒಂದು ಬೇಸಿಗೆ ಶುರುವಾಗುವ ಮೊದಲೇ ಬೀಳುವ ಹಾಗೆ ನೋಡಿಕೊಳ್ಳಿ. ಮೊಟ್ಟೆ ಇಡುತ್ತಿರುವ ಹೇಂಟೆಗೆ ಯಾವುದನ್ನು ಕೊಡಬೇಕು ಅಂತ ಡಾಕ್ಟರನ್ನು ಕೇಳಿ, ಆರ್2ಬಿ ಕೊಟ್ಟರೆ ಕೆಲವು ದಿನ ಮೊಟ್ಟೆ ಕಡಿಮೆ ಆಗುತ್ತದೆ.

ಹಳ್ಳಿಯಲ್ಲಿ ಲಸಿಕೆ ಹಾಕಿಸದೇ ಇರುವುದಕ್ಕೆ ನಿಜವಾದ ಕಾರಣ ಸೋಮಾರಿತನ ಅಲ್ಲ, ಸೀಸೆಯ ಅಳತೆ. ಒಂದು ಸೀಸೆಯಲ್ಲಿ 100, 200 ಕೋಳಿಗೆ ಆಗುವಷ್ಟು ಇರುತ್ತದೆ. ಏಳು ಕೋಳಿ ಇಟ್ಟುಕೊಂಡವರು ಅದನ್ನು ತಂದು ಏನು ಮಾಡಬೇಕು? ಒಮ್ಮೆ ಕಲಸಿದರೆ ಎರಡು ಗಂಟೆ ಒಳಗೆ ಮುಗಿಸಬೇಕು, ಉಳಿದದ್ದು ನಾಳೆಗೆ ಬರುವುದಿಲ್ಲ. ಅದಕ್ಕೆ ನಿಮ್ಮ ಬೀದಿಯ ಹತ್ತು ಹದಿನೈದು ಮನೆಯವರು ಮಾತಾಡಿಕೊಂಡು ಒಂದೇ ದಿನ ಹಾಕಿಸಿ. ಖರ್ಚೂ ಹಂಚಿಹೋಗುತ್ತದೆ, ನಿಮ್ಮ ಪಕ್ಕದ ಮನೆ ಕೋಳಿಯಿಂದ ನಿಮ್ಮದಕ್ಕೆ ಬರುವ ಭಯವೂ ಕಡಿಮೆ. ಬೆಳಿಗ್ಗೆ ಗೂಡು ತೆಗೆಯುವ ಮೊದಲೇ ಮಾಡಿ, ಬಿಟ್ಟಮೇಲೆ ನಾಟಿ ಕೋಳಿ ಹಿಡಿಯುವುದು ಯಾರಿಗೆ ಬೇಕು. ಲಸಿಕೆಯನ್ನು ಐಸ್ ಹಾಕಿದ ಫ್ಲಾಸ್ಕಿನಲ್ಲೇ ತರಬೇಕು, ಅದಕ್ಕೆ 2ರಿಂದ 8 ಡಿಗ್ರಿ ತಂಪು ಬೇಕು. ಜೇಬಿನಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ತಂದ ಲಸಿಕೆ ಹಾಕಿದರೂ ಒಂದೇ, ಹಾಕದಿದ್ದರೂ ಒಂದೇ. ಜೊತೆಗೆ ಕೊಡುವ ದ್ರಾವಣದಲ್ಲೇ ಕಲಸಿ, ನಲ್ಲಿ ನೀರು ಬೇಡ, ಕ್ಲೋರಿನ್ ಇದ್ದರೆ ಲಸಿಕೆ ಸತ್ತೇಹೋಗುತ್ತದೆ. ಹಾಕಿದ ಕೈಯಲ್ಲಿ ಕಣ್ಣು ಉಜ್ಜಬೇಡಿ, ನಿಮ್ಮ ಕಣ್ಣು ಕೆಂಪಾಗಿ ಊದಿಕೊಳ್ಳುತ್ತದೆ. ಈಗಾಗಲೇ ಕಾಯಿಲೆ ಬಿದ್ದ ಕೋಳಿಗೆ ಲಸಿಕೆ ಹಾಕಿ ಫಲ ಇಲ್ಲ.

ತೊಗಲು ಮೊಟ್ಟೆ ವಿಷಯ. ಕೊಕ್ಕರೆ ರೋಗದಿಂದ ಬದುಕಿದ ಹೇಂಟೆಗೆ ಮೊಟ್ಟೆ ತಯಾರಾಗುವ ನಾಳ ಹಾಳಾಗಿರುತ್ತದೆ. ಹಾಗಾಗಿ ತಿಂಗಳುಗಟ್ಟಲೆ ತೊಗಲು ಮೊಟ್ಟೆ, ಸೊಟ್ಟ ಮೊಟ್ಟೆ, ಒಳಗೆ ನೀರು ನೀರಾದ ಬಿಳಿ ಭಾಗ, ಇವೆಲ್ಲ ಬರುತ್ತವೆ. ಕೆಲವಕ್ಕೆ ನಿಧಾನವಾಗಿ ಸರಿಹೋಗುತ್ತದೆ. ಹಾಗಂತ ಸುಣ್ಣದ ಅಂಶ ಕೊಡದೆ ಇರಬೇಡಿ. ಎಷ್ಟೋ ಜನ "ರಾಗಿ ಹಾಕ್ತೀವಿ, ಅದರಲ್ಲಿ ಕ್ಯಾಲ್ಸಿಯಂ ಇದೆಯಲ್ಲ" ಅನ್ನುತ್ತಾರೆ. ಇದೆ, 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ. ನಮಗೆ ಅದು ದೊಡ್ಡ ಲೆಕ್ಕ. ಆದರೆ ಒಂದು ಮೊಟ್ಟೆಯ ಚಿಪ್ಪಿಗೇ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು, ಅಂದರೆ ಅದರ ಆರು ಪಟ್ಟು. ನುಚ್ಚು, ಅನ್ನ, ತೌಡಿನಲ್ಲಿ ಅಷ್ಟೂ ಇಲ್ಲ. ಒಂದು ಮುರಿದ ಮಡಕೆಯಲ್ಲಿ ಕಪ್ಪೆಚಿಪ್ಪಿನ ಚೂರೋ ಸುಣ್ಣದ ಕಲ್ಲಿನ ಚೂರೋ ಹಾಕಿ ಮೂಲೆಯಲ್ಲಿ ಇಟ್ಟುಬಿಡಿ, ಬೇಕಾದ ಕೋಳಿ ಬೇಕಾದಷ್ಟು ತಿನ್ನುತ್ತದೆ. ಮೇವಿಗೆ ಬೆರೆಸಬೇಡಿ, ಹುಂಜಕ್ಕೆ ಮರಿಗೆ ಅಷ್ಟು ಬೇಡ. ಮನೆಯ ಮೊಟ್ಟೆ ಚಿಪ್ಪನ್ನೇ ಹಂಚಿನ ಮೇಲೆ ಹುರಿದು ಪುಡಿ ಮಾಡಿಯೂ ಕೊಡಬಹುದು, ಆದರೆ ಮೊಟ್ಟೆಯ ಗುರುತೇ ಸಿಗದ ಹಾಗೆ ಪುಡಿ ಮಾಡಿ, ಇಲ್ಲದಿದ್ದರೆ ಮೊಟ್ಟೆ ಕುಕ್ಕಿ ತಿನ್ನುವ ಚಟ ಹತ್ತುತ್ತದೆ, ಒಂದಕ್ಕೆ ಹತ್ತಿದರೆ ಎಲ್ಲಕ್ಕೂ. ಎಲೆ ಅಡಿಕೆಗೆ ಹಾಕುವ ಸುಣ್ಣ ಕೊಡಬೇಡಿ, ಬಾಯಿ ಸುಡುತ್ತದೆ. ಏಪ್ರಿಲ್ ಮೇ ಸೆಕೆಯಲ್ಲಿ ಆರೋಗ್ಯವಾಗಿರುವ ಕೋಳಿಗೂ ಚಿಪ್ಪು ತೆಳ್ಳಗೆ ಆಗುತ್ತದೆ. ನೆರಳು, ದಿನಕ್ಕೆ ಎರಡು ಮೂರು ಸಲ ತಣ್ಣನೆ ನೀರು, ಇಷ್ಟಕ್ಕೇ ಸುಮಾರು ವ್ಯತ್ಯಾಸ ಕಾಣುತ್ತದೆ.

ಈಗ ಕಾವು. ಹದಿನಾಲ್ಕರಲ್ಲಿ ಐದು ನೀರು, ನಾಲ್ಕು ಒಳಗೇ ಸತ್ತವು ಅಂತ ನೀವು ಒಡೆದು ನೋಡಿದ್ದು ಒಳ್ಳೆಯದಾಯಿತು. ಯಾಕಂದರೆ ಎರಡಕ್ಕೂ ಕಾರಣ ಬೇರೆ ಬೇರೆ.

ನೀರಾದ ಮೊಟ್ಟೆಗೆ ಮೊದಲ ಅನುಮಾನ ಆ ಡಬ್ಬಿ ಮೇಲೆ. ಮೊಟ್ಟೆಯೊಳಗಿನ ಜೀವ ಸುಮಾರು 21-24 ಡಿಗ್ರಿ ದಾಟಿದರೆ ತಾನಾಗಿಯೇ ಅಲ್ಪಸ್ವಲ್ಪ ಬೆಳೆಯಲು ಶುರು ಮಾಡುತ್ತದೆ. ಬೇಸಿಗೆಯ ಅಡುಗೆಮನೆ, ಒಲೆ ಪಕ್ಕ, ಮುಚ್ಚಿದ ಡಬ್ಬಿ, ಅದರೊಳಗೆ ಎಷ್ಟು ಬಿಸಿ ಇದ್ದಿರಬೇಡ. ಹೇಂಟೆಯ ಮೈ ಕಾವಿನಷ್ಟು ಇಲ್ಲ, ತಣ್ಣಗೂ ಇಲ್ಲ. ಸ್ವಲ್ಪ ಬೆಳೆದು ಅಲ್ಲೇ ಸತ್ತುಹೋಗುತ್ತದೆ. ಆಮೇಲೆ ಎಷ್ಟು ದಿನ ಕಾವು ಕೊಟ್ಟರೂ ಅದು ಕೊಳೆಯುವುದೇ. ಹಾಗಂತ ಫ್ರಿಜ್ಜಿನಲ್ಲೂ ಬೇಡ, ಅದು ತೀರಾ ತಣ್ಣಗೆ. ಮನೆಯ ತಂಪಾದ ಮೂಲೆಯಲ್ಲಿ ಮಡಕೆಯೊಳಗೆ ರಾಗಿಯೋ ಮರಳೋ ಹಾಕಿ, ಅಗಲದ ತುದಿ ಮೇಲೆ ಬರುವ ಹಾಗೆ ಇಡಿ. ನಮ್ಮ ಅಜ್ಜಿಯರು ಮಾಡುತ್ತಿದ್ದದ್ದೂ ಇದನ್ನೇ ಅಲ್ವಾ. ಚಳಿಗಾಲದಲ್ಲಿ ಒಂದು ವಾರ, ಬೇಸಿಗೆಯಲ್ಲಿ ಮೂರು ನಾಲ್ಕು ದಿನ, ಅದಕ್ಕಿಂತ ಹಳೆಯದಾದಷ್ಟೂ ಮರಿ ಕಡಿಮೆ. ನಾಟಿ ಹೇಂಟೆ ಹತ್ತು ಹದಿನೈದು ಮೊಟ್ಟೆ ಇಟ್ಟಮೇಲೆಯೇ ಕಾವಿಗೆ ಕೂರುವುದು, ಅಷ್ಟರಲ್ಲಿ ಮೊದಲಿನವು ಹಳತಾಗಿರುತ್ತವೆ. ಅದಕ್ಕೆ ಪ್ರತಿ ಮೊಟ್ಟೆ ಮೇಲೆ ಪೆನ್ಸಿಲ್ಲಿನಲ್ಲಿ ತಾರೀಕು ಬರೆಯಿರಿ. ಹಳೆಯದನ್ನು ತಿನ್ನಿ, ಹೊಸದನ್ನು ಕೂರಿಸಿ. ಗೂಡಿನಲ್ಲಿ ಒಂದೆರಡು ಹಳೆ ಮೊಟ್ಟೆ ಬಿಟ್ಟಿದ್ದರೆ ಅದು ಅಲ್ಲೇ ಬಂದು ಇಡುತ್ತದೆ. ಮೊಟ್ಟೆ ತೊಳೆಯಬೇಡಿ.

ಎರಡನೆಯ ಅನುಮಾನ ಹುಂಜದ ಮೇಲೆ. ಒಡಹುಟ್ಟಿದವೇ ಜೋಡಿಯಾದರೆ ಮೊದಲು ಕಡಿಮೆಯಾಗುವುದೇ ಮರಿಯ ಸಂಖ್ಯೆ, ಆಮೇಲೆ ಮರಿಯ ಗಟ್ಟಿತನ. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು, ಆದರೆ ಅದು ಬೇರೆ ಊರಿನದಾಗಿರಲಿ, ಒಂದೂವರೆ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ದೂರದ ನೆಂಟರ ಮನೆ ಹುಂಜಕ್ಕೂ ನಿಮ್ಮದಕ್ಕೂ ಅದಲುಬದಲು ಮಾಡಿಕೊಂಡರೆ ಇಬ್ಬರಿಗೂ ಲಾಭ. ಬಂದದ್ದನ್ನು ಮೊದಲ ಮೂರು ವಾರ ಬೇರೆಯೇ ಕಟ್ಟಿಹಾಕಿ, ಕಾಯಿಲೆ ಇದ್ದರೆ ಅಷ್ಟರಲ್ಲಿ ಕಾಣುತ್ತದೆ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಹೇಂಟೆ ಹುಂಜದ ವೀರ್ಯವನ್ನು ಎರಡು ವಾರದವರೆಗೂ, ಕೆಲವೊಮ್ಮೆ ಮೂರು ವಾರವೂ ಮೈಯೊಳಗೆ ಇಟ್ಟುಕೊಂಡಿರುತ್ತದೆ. ಹೊಸ ಹುಂಜ ಬಿಟ್ಟ ಮಾರನೇ ದಿನದ ಮೊಟ್ಟೆ ಹಳೆ ಹುಂಜದ್ದೇ ಇರಬಹುದು. ಹೊಸದರ ಮರಿಯೇ ಬೇಕು ಅಂದರೆ ಮೂರು ವಾರ ಕಾಯಿರಿ.

ಪೂರ್ತಿ ಬೆಳೆದು ಒಳಗೇ ಸತ್ತ ನಾಲ್ಕಕ್ಕೆ ನಾನು ಹೇಂಟೆಯ ಹೇನನ್ನು ಹುಡುಕುತ್ತೇನೆ. ಕಾವಿಗೆ ಕೂತ ಕೋಳಿ ಮಣ್ಣಿನಲ್ಲಿ ಹೊರಳುವುದು ಕಡಿಮೆ, ಅದರ ಮೈಯಲ್ಲಿ, ಗೂಡಿನ ಹುಲ್ಲಿನಲ್ಲಿ ಹೇನು, ಸಣ್ಣ ಕೆಂಪು ಹುಳ ವಿಪರೀತ ಹೆಚ್ಚುತ್ತವೆ. ಕಡಿತ ತಾಳದೆ ಕೊನೆಕೊನೆಗೆ ಎದ್ದೆದ್ದು ಹೋಗುತ್ತದೆ. ದಿನಕ್ಕೆ ಒಂದು ಸಲ ಮೇವು ನೀರಿಗೆ ಕಾಲು ಗಂಟೆ, ಇಪ್ಪತ್ತು ನಿಮಿಷ ಏಳುವುದು ಸಹಜ, ಅದಕ್ಕಿಂತ ಜಾಸ್ತಿ ಹೊತ್ತು ಹೊರಗಿದ್ದರೆ ಮೊಟ್ಟೆ ತಣ್ಣಗಾಗುತ್ತದೆ. ರಾತ್ರಿ ಟಾರ್ಚ್ ಹಿಡಿದು ಗೂಡಿನ ಬಿರುಕು ನೋಡಿ, ಹಗಲಲ್ಲಿ ಆ ಕೆಂಪು ಹುಳಗಳು ಅಡಗಿರುತ್ತವೆ. ಕೂರಿಸುವ ಮೊದಲೇ ಹಳೆ ಹುಲ್ಲು ಸುಟ್ಟು, ಬುಟ್ಟಿ ಬಿಸಿಲಿಗೆ ಹಾಕಿ, ತಳಕ್ಕೆ ಒಲೆಯ ಬೂದಿ ಹರಡಿ ಮೇಲೆ ಹೊಸ ಹುಲ್ಲು ಹಾಕಿ. ಎದುರಿಗೇ ಬೂದಿ-ಮಣ್ಣಿನ ಒಂದು ಗುಂಡಿ ಇರಲಿ, ಎದ್ದಾಗ ಹೊರಳಿಕೊಳ್ಳುತ್ತದೆ. ಗಾಳಿ ತೀರಾ ಒಣಗಿದ್ದರೆ ಮೊಟ್ಟೆಯ ಒಳಪೊರೆ ಬಿಗಿದು ಮರಿ ಅಂಟಿಕೊಳ್ಳುವುದೂ ಉಂಟು, ಹದಿನೆಂಟನೇ ದಿನದ ನಂತರ ಗೂಡಿನ ಸುತ್ತ ನೆಲಕ್ಕೆ ನೀರು ಚಿಮುಕಿಸಿ. ಇನ್ನು ಗುಡುಗಿಗೆ ಮೊಟ್ಟೆ ಕೆಡುತ್ತದೆ ಅಂತ ಕಬ್ಬಿಣದ ತುಂಡು, ಇದ್ದಿಲು ಇಡುತ್ತೀರಲ್ಲ, ಇಡಿ, ತೊಂದರೆ ಇಲ್ಲ. ಆದರೆ ಗುಡುಗುವ ತಿಂಗಳೇ ಸೆಕೆಯ ತಿಂಗಳೂ ಹೌದು, ಮೊಟ್ಟೆ ಕೆಡಿಸಿದ್ದು ಆ ಸೆಕೆ.

ಏಳನೇ ದಿನ ರಾತ್ರಿ ಮೊಬೈಲ್ ಟಾರ್ಚಿನ ಮೇಲೆ ಮೊಟ್ಟೆ ಹಿಡಿದು ನೋಡಿ. ಜೇಡರ ಬಲೆಯ ಹಾಗೆ ಕೆಂಪು ನರ ಕಂಡರೆ ಜೀವ ಇದೆ, ಪೂರ್ತಿ ತಿಳಿಯಾಗಿದ್ದರೆ ತೆಗೆದುಬಿಡಿ. 21ನೇ ದಿನ ಮರಿ ಚಿಪ್ಪು ಒಡೆಯಲು ತಡ ಮಾಡಿದರೆ ಕೈಹಾಕಿ ಸುಲಿಯಬೇಡಿ, ರಕ್ತ ಬಂದು ಸಾಯುತ್ತದೆ.

ಗಿರಿರಾಜ ಕಾವಿಗೆ ಕೂರದಿರುವುದು ಅದರ ತಪ್ಪಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ತಳಿಗಳನ್ನು ಬೆರೆಸಿ ಮಾಡಿದ ಕೋಳಿ ಅದು, ಹಿತ್ತಲಲ್ಲಿ ಮೇದು ಬೇಗ ತೂಕ ಬರಲಿ, ಮೊಟ್ಟೆ ಜಾಸ್ತಿ ಇಡಲಿ ಅಂತ. ನಾಟಿ ಹೇಂಟೆ ವರ್ಷಕ್ಕೆ 50-60 ಮೊಟ್ಟೆ ಇಟ್ಟರೆ ಗಿರಿರಾಜ ಅದರ ದುಪ್ಪಟ್ಟಿಗಿಂತ ಹೆಚ್ಚು ಇಡುತ್ತದೆ. ಕಾವಿಗೆ ಕೂತ ಕೋಳಿ ಮೊಟ್ಟೆ ನಿಲ್ಲಿಸುತ್ತದೆ, ಹಾಗಾಗಿ ಎರಡೂ ಗುಣ ಒಂದೇ ಕೋಳಿಯಲ್ಲಿ ಸಿಗುವುದಿಲ್ಲ. ಅದರ ಮೊಟ್ಟೆಯನ್ನು ನಾಟಿ ಹೇಂಟೆ ಕೆಳಗೆ ಧಾರಾಳವಾಗಿ ಇಡಬಹುದು. ಗಾತ್ರ ದೊಡ್ಡದು, ಎಂಟು ಒಂಬತ್ತಕ್ಕಿಂತ ಜಾಸ್ತಿ ಬೇಡ, ಹೊರಗೆ ಉಳಿದದ್ದು ತಣ್ಣಗಾಗುತ್ತದೆ. ಮರಿ ಬರುತ್ತವೆ, ಆದರೆ ನೀವು ತಂದಂಥ ಗಿರಿರಾಜ ಅಲ್ಲ. ನಿಮ್ಮ ಹುಂಜ ನಾಟಿಯದಾದರೆ ಮರಿ ಅರ್ಧ ಅರ್ಧ. ಗಿರಿರಾಜ ಹುಂಜವೇ ಇದ್ದರೂ ಮುಂದಿನ ತಲೆಮಾರಿನಲ್ಲಿ ತೂಕ, ಮೊಟ್ಟೆ ಎರಡೂ ಏರುಪೇರು, ಒಂದು ಮರಿ ಹಾಗೆ ಇನ್ನೊಂದು ಹೀಗೆ. ಮನೆ ಸಾರಿಗೆ ಇದು ಸಾಕು. ಮಾರಾಟದ ಲೆಕ್ಕ ಇದ್ದರೆ ಪ್ರತಿ ಸಲ ಹೊಸ ಮರಿಯನ್ನೇ ತನ್ನಿ.

ಆದರೆ ಗಿರಿರಾಜ ಹುಂಜವನ್ನು ನಾಟಿ ಹೇಂಟೆಗಳ ನಡುವೆ ಬಿಡಬೇಡಿ ಅಂತಲೇ ನಾನು ಹೇಳುವುದು. ಮೂರು ಕಿಲೋ ದಾಟಿದ ಹುಂಜ ಸಣ್ಣ ಹೇಂಟೆಯ ಬೆನ್ನು ಪರಚಿ ಗಾಯ ಮಾಡುತ್ತದೆ. ಅದಕ್ಕಿಂತ ದೊಡ್ಡ ನಷ್ಟ, ಎರಡು ಮೂರು ತಲೆಮಾರು ಕಳೆಯುವಷ್ಟರಲ್ಲಿ ನಿಮ್ಮ ಹಿತ್ತಲಲ್ಲಿ ಕಾವಿಗೆ ಕೂರುವ ಕೋಳಿಯೇ ಇಲ್ಲದಂತಾಗಬಹುದು, ಆಮೇಲೆ ಪ್ರತಿ ಮರಿಗೂ ದುಡ್ಡು ಕೊಡಬೇಕು. ಚೆನ್ನಾಗಿ ಕಾವು ಕೂತು, ಹದ್ದು ಬಂದರೆ ಮರಿಗಳನ್ನು ರೆಕ್ಕೆಯೊಳಗೆ ಸೇರಿಸಿಕೊಳ್ಳುವ ಹೇಂಟೆ ಉಳಿದಿದ್ದರೆ ಅದನ್ನು ಹಬ್ಬಕ್ಕೆ ಕುಯ್ಯಬೇಡಿ, ಮಾರಬೇಡಿ.

ಈಗಿರುವ ಐದು ಮರಿಗಳ ವಿಷಯ ನೀವು ಏನೂ ಬರೆದಿಲ್ಲ. ಮೂರರಿಂದ ಆರು ವಾರದ ಒಳಗೆ ಮರಿ ಮುದುಡಿ ಕೂತು ಹಿಕ್ಕೆಯಲ್ಲಿ ರಕ್ತ ಕಂಡರೆ ಅದು ರಕ್ತಬೇಧಿ, ಒದ್ದೆ ನೆಲದಿಂದ ಬರುವುದು. ಇದಕ್ಕೆ ಔಷಧಿ ಇದೆ, ಆಂಪ್ರೋಲಿಯಂ, ನೀರಿಗೆ ಹಾಕುವುದು. ಎಷ್ಟು ಹಾಕಬೇಕು ಅಂತ ಡಾಕ್ಟರ ಹತ್ತಿರ ಬರೆಸಿಕೊಳ್ಳಿ, ಒಂದು ದಿನ ತಡವಾದರೂ ಕಷ್ಟ. ಕಣ್ಣು, ಜುಟ್ಟಿನ ಸುತ್ತ ನರುಳ್ಳೆಯಂಥ ಗುಳ್ಳೆ ಬಂದರೆ ಸಿಡುಬು, ಸೊಳ್ಳೆ ಕಚ್ಚಿ ಹರಡುತ್ತದೆ. ಗುಳ್ಳೆ ಕೀಳಬೇಡಿ, ಬೇವಿನೆಣ್ಣೆಗೆ ಅರಿಶಿನ ಕಲಸಿ ಹಚ್ಚಿ, ಕಣ್ಣು ಮುಚ್ಚಿಹೋದ ಮರಿಗೆ ಕೈಯಲ್ಲಿ ತಿನ್ನಿಸಿ. ಎರಡು ಮೂರು ವಾರದಲ್ಲಿ ಒಣಗಿ ಉದುರುತ್ತದೆ. ಅದಕ್ಕೂ ಲಸಿಕೆ ಇದೆ, ಆರರಿಂದ ಎಂಟು ವಾರದ ಮರಿಗೆ ರೆಕ್ಕೆಯ ಪೊರೆಗೆ ಚುಚ್ಚುವುದು. ಕೊಕ್ಕರೆ ರೋಗದ ಲಸಿಕೆಗೆ ಡಾಕ್ಟರನ್ನು ಕರೆದಾಗ ಇದನ್ನೂ ಕೇಳಿಬಿಡಿ.